ಅಪ್‌ಡೇಟ್: ಕಮೀಲಿಯಾ ಕೊನೆಗೂ ಅರಳಿತು

ಹೋದ ಜನವರಿಯಲ್ಲಿ ಕೇಳಿದ್ದೆ, ನೆನಪಿರಬಹುದು. ಮಡಿಕೇರಿಯ ನಮ್ಮ ಅಂಗಳದ ಕಮೀಲಿಯಾ ಹೂಗಿಡದಲ್ಲಿ ಮೊಗ್ಗು ತುಂಬಾ ಬರುತ್ತದೆ, ಅರಳುವ ಮೊದಲೇ ಕಂದಾಗಿ ಉದುರುತ್ತದೆ. ಎಲೆ ಹಳದಿ, ನರ ಮಾತ್ರ ಹಸಿರು. ಏನು ಮಾಡಲಿ ಅಂತ.

"ಬುಡಕ್ಕೆ ಏನು ಹಾಕುತ್ತೀರಿ?" ಎಂದು ಕೆಲವರು ಕೇಳಿದಿರಿ. ಏನೂ ಇಲ್ಲ ಎಂದುಬಿಟ್ಟಿದ್ದೆ. ಆಮೇಲೆ ನೋಡಿದರೆ, ಬಚ್ಚಲ ಒಲೆಯ ಬೂದಿಯನ್ನೆಲ್ಲ ಅತ್ತೆ ದಿನಾ ಅಲ್ಲಿಗೇ ಸುರಿಯುತ್ತಿದ್ದರು! ಕಮೀಲಿಯಾ ಚಹಾ ಗಿಡದ ಹತ್ತಿರದ ನೆಂಟ. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿಯ ಅಳತೆ) 5.5ರಿಂದ 6.5. ಬೂದಿ ಜಾಸ್ತಿಯಾದರೆ ಹುಳಿ ಇಳಿಯುತ್ತದೆ, ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿದ್ದು ಅದಕ್ಕೇ.

ಬೂದಿಯನ್ನು ಕೈಯಲ್ಲೇ ಕೆರೆದು ತೆಗೆದೆ. ಗುದ್ದಲಿ ಹಾಕಲಿಲ್ಲ, ಇದರ ಬೇರು ಮೇಲ್ಮೇಲೇ ಹರಡಿರುತ್ತದೆ. ಕಾಂಡಕ್ಕೆ ಏರಿದ್ದ ಮಣ್ಣನ್ನೂ ಸರಿಸಿ, ಒಣ ಎಲೆ ಹೊದಿಸಿದೆ.

ಮೊಗ್ಗು ಉದುರಿದ್ದು ಮಾತ್ರ ನನ್ನದೇ ತಪ್ಪು. ಮಳೆಗಾಲ ಮುಗಿದ ಮೇಲೆ ನೀರು ಹಾಕುವುದನ್ನೇ ಮರೆಯುತ್ತಿದ್ದೆ. ನೆನಪಾದ ದಿನ ಕೊಡಗಟ್ಟಲೆ ಸುರಿಯುತ್ತಿದ್ದೆ. ಈ ಸಲ ನವೆಂಬರ್‌ನಿಂದ ವಾರಕ್ಕೆ ಎರಡು ಸಲ, ತಪ್ಪದೆ ಹಾಕಿದೆ.

23 ಮೊಗ್ಗಿನಲ್ಲಿ 14 ಅರಳಿವೆ. ಹೊಸ ಎಲೆಗಳು ಕಡು ಹಸಿರು. ಹಳದಿ ತಿರುಗಿದ್ದ ಕೆಲವು ಹಳೇ ಎಲೆ ಹಾಗೇ ಉದುರಿದವು, ಬಿಡಿ. ಕತ್ತರಿ ಹಾಕುವುದಿದ್ದರೆ ಹೂ ಮುಗಿದ ಕೂಡಲೇ ಹಾಕುತ್ತೇನೆ. ತಡವಾದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದ ಹಾಗಾಗುತ್ತದೆ.

ಬೂದಿ ಈಗ ಬಾಳೆಗೆ ಹೋಗುತ್ತಿದೆ. ಇಷ್ಟು ಚೆಂದದ ಹೂವಿಗೆ ಘಮವೇ ಇಲ್ಲವಲ್ಲ ಅಂತ ಅತ್ತೆಗೆ ಬೇಸರ.