ಸಹಾಯ ಬೇಕು: ಅಥೆನ್ಸಿನ ಬಿಳಿ ಲೆಕಿಥೋಸ್‌ಗಳ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಸತ್ತವರಿಗೆ ಎಣ್ಣೆ ತುಂಬಿ ಅರ್ಪಿಸುತ್ತಿದ್ದ, ಲೆಕಿಥೋಸ್ ಎಂಬ ನೀಳ ಹೂಜಿಗಳ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವುಗಳ ಮೈಗೆ ಬಿಳಿ ಜೇಡಿಯ ತೆಳು ಲೇಪ ಕೊಟ್ಟು, ಅದರ ಮೇಲೆ ರೇಖೆಗಳಲ್ಲಿ ಚಿತ್ರ ಬಿಡಿಸಿ, ನೀಲಿ, ಹಸಿರಿನಂಥ ಬಣ್ಣಗಳನ್ನು ಹೂಜಿ ಸುಟ್ಟ ನಂತರ ಹಚ್ಚುತ್ತಿದ್ದುದರಿಂದ ಅವು ಬಹುಪಾಲು ಅಳಿಸಿಹೋಗಿವೆ. ಇಷ್ಟು ನಾಜೂಕಾದ, ದಿನಬಳಕೆಗೆ ತಾಳದ ಚೆಲುವನ್ನು ಸತ್ತವರಿಗೆಂದು ಮೀಸಲಿಟ್ಟದ್ದು ನನ್ನ ಮನಸ್ಸನ್ನು ಬಹಳ ತಟ್ಟಿದೆ. ಕೆಲವು ಹೂಜಿಗಳ ಕತ್ತಿನ ಕೆಳಗೆ ಚಿಕ್ಕದೊಂದು ಒಳಪಾತ್ರೆಯಿದ್ದು, ಸ್ವಲ್ಪವೇ ಎಣ್ಣೆಗೆ ಇಡೀ ಹೂಜಿ ತುಂಬಿದಂತೆ ಕಾಣುತ್ತಿತ್ತು.

ಸುಡುವ ಮೊದಲು ಮಡಕೆಗೆ ಬಳಿಯುವ ತಿಳಿಮಣ್ಣಿನ ಲೇಪಕ್ಕೆ ನಿಮ್ಮ ಊರಿನ ಕುಂಬಾರರು ಬಳಸುವ ಪದವನ್ನು ದಯವಿಟ್ಟು ತಿಳಿಸಿ; ಹೊಸ ಪದ ಕಟ್ಟುವುದಕ್ಕಿಂತ ಕಸುಬಿನ ಪದವೇ ಲೇಖನಕ್ಕೆ ಒಪ್ಪುತ್ತದೆಂದು ನನ್ನ ನಂಬಿಕೆ. ಹಾಗೆಯೇ, ನಿದ್ರೆ ಮತ್ತು ಮೃತ್ಯುವಿನ ರೆಕ್ಕೆಯುಳ್ಳ ದೇವತೆಗಳಾದ ಹಿಪ್ನೋಸ್ ಹಾಗೂ ಥನಾಟೋಸ್ ಯೋಧನೊಬ್ಬನ ದೇಹವನ್ನು ಸಮಾಧಿಯ ಬಳಿ ಹಿಡಿದಿರುವ ಲೆಕಿಥೋಸ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಲ್ಲಿರುವ ಕನ್ನಡಿಗರು ಯಾರಾದರೂ ಅದನ್ನು ನೋಡಿದ್ದರೆ, ಹತ್ತಿರದಿಂದ ತೆಗೆದ ಫೋಟೋ ಹಂಚಿಕೊಳ್ಳಬೇಕೆಂದು, ವಿಶೇಷವಾಗಿ ಆ ಇಬ್ಬರ ಮುಖಗಳ ರೇಖೆ ಸ್ಪಷ್ಟವಾಗಿ ಕಾಣುವಂಥದ್ದನ್ನು, ವಿನಂತಿಸುತ್ತೇನೆ.