ಸಹಾಯ ಬೇಕು: ಗ್ರಾಹಕರಿಗೆ ವಿನ್ಯಾಸ ತೋರಿಸಲು ಪ್ರೊಜೆಕ್ಟರ್ ಕೊಳ್ಳಬೇಕೇ, ದೊಡ್ಡ ಟಿವಿ ಸಾಕೇ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಗಳ ಒಳಾಂಗಣ ವಿನ್ಯಾಸದ ಸಣ್ಣ ಕಚೇರಿಯೊಂದನ್ನು ನಡೆಸುತ್ತಿದ್ದೇನೆ. ಗ್ರಾಹಕರು ಸಾಮಾನ್ಯವಾಗಿ ಕುಟುಂಬ ಸಮೇತರಾಗಿ ಬರುವುದರಿಂದ, ಐದಾರು ಮಂದಿ ಒಟ್ಟಿಗೆ ಕುಳಿತು ನಕ್ಷೆ ಹಾಗೂ ಬಣ್ಣಗಳನ್ನು ನೋಡುವಂತಹ ಪರದೆಯೊಂದು ಬೇಕಾಗಿದೆ. ಲ್ಯಾಪ್‌ಟಾಪಿನ ಸುತ್ತ ಕತ್ತು ಚಾಚಿ ನಿಲ್ಲುವ ಹಿರಿಯರನ್ನು ಕಂಡರೆ ನನಗೇ ಸಂಕೋಚವಾಗುತ್ತದೆ.

ಕೋಣೆಯು 10 ಅಡಿ ಅಗಲ, 14 ಅಡಿ ಉದ್ದವಿದ್ದು, ಪಶ್ಚಿಮಕ್ಕೆ ದೊಡ್ಡ ಕಿಟಕಿಯಿದೆ. ಗೆಳೆಯರೊಬ್ಬರಿಂದ ಎರವಲು ತಂದ 1920×1080 ಪಿಕ್ಸೆಲ್‌ಗಳ ಪ್ರೊಜೆಕ್ಟರಿನಲ್ಲಿ, ಸಂಜೆ ನಾಲ್ಕರ ಬಿಸಿಲಿಗೆ ಕಪ್ಪೆಲ್ಲ ಬೂದು ಬಣ್ಣವಾಗಿ, ತೇಗದ ಕಪಾಟು ಹಲಸಿನ ಮರದ್ದೇನೋ ಎಂಬಂತೆ ಕಂಡಿತು. ಪ್ರೊಜೆಕ್ಟರ್ ಬೆಳಕನ್ನಷ್ಟೇ ಚೆಲ್ಲಬಲ್ಲದು, ಕಪ್ಪನ್ನಲ್ಲ. ಗೋಡೆಯ ಮೇಲೆ ಮೊದಲೇ ಬಿದ್ದಿರುವ ಬೆಳಕಿಗಿಂತ ಕಪ್ಪಾದುದನ್ನು ಅದು ತೋರಿಸಲಾರದು. ಹೀಗಾಗಿ 65 ಇಂಚಿನ 4ಕೆ ಟಿವಿಯತ್ತ ಮನಸ್ಸು ವಾಲಿದೆ. ಅದರ 3840×2160 ಎಂದರೆ ನಾಲ್ಕು ಪಟ್ಟು ಪಿಕ್ಸೆಲ್‌ಗಳು, ನಕ್ಷೆಯ ಸಣ್ಣ ಅಳತೆಗಳನ್ನೂ ಓದಬಹುದು. ಆದರೆ ಮಂಡ್ಯದ ಗ್ರಾಹಕರ ಮನೆಗೆ ಅದನ್ನು ಹೊತ್ತೊಯ್ಯಲಾಗದು.

ಕಿಟಕಿಗೆ ದಪ್ಪ ಪರದೆ ಹಾಕಿಸಿದರೆ ಇಂತಹ ಕೋಣೆಗೆ ಎಷ್ಟು ಆನ್ಸಿ ಲುಮೆನ್ (ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ) ಸಾಕಾದೀತು? ಟಿವಿಯ ಬಣ್ಣವನ್ನು ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಬಣ್ಣ ಪದ್ಧತಿಗೆ ಹೊಂದಿಸಿಕೊಂಡು, ಅದನ್ನು ಲ್ಯಾಮಿನೇಟ್ (ಕಪಾಟಿನ ಮೇಲೆ ಅಂಟಿಸುವ ಹಾಳೆ) ಮಾದರಿಯ ಪಕ್ಕದಲ್ಲಿಟ್ಟು ನೋಡಿದವರು ಯಾರಾದರೂ ಇದ್ದೀರಾ? ನನ್ನ ಮಿತಿ 80 ಸಾವಿರ ರೂಪಾಯಿ. ಮೈಸೂರಿನಲ್ಲಿಯೇ ಬಳಸುತ್ತಿರುವವರಿದ್ದರೆ, ಒಮ್ಮೆ ಹಗಲಿನಲ್ಲಿ ಬಂದು ನೋಡಲು ಅವಕಾಶ ಕೊಟ್ಟರೆ ಉಪಕಾರವಾಗುತ್ತದೆ.