ಅಜ್ಜನ ಬೇಸ್ ಮತ್ತು ನಿನ್ನ ಮಗನ ಎಡಗೈ

ಹಾಂ, ಕೇಳುತ್ತದಾ? ನಾನು ದೊಡ್ಡಮ್ಮ. ಟೈಪ್ ಮಾಡಲಿಕ್ಕೆ ನನ್ನ ಕಣ್ಣಿಗೆ ಆಗುವುದಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಉದ್ದ ಆಯಿತು ಅಂತ ಯಾರೂ ಗೊಣಗಬೇಡಿ. ಬೇಡದವರು ಕೇಳಬೇಡಿ, ಅಷ್ಟೇ.

ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಚಾ ಕುಡಿಯುವಾಗ ನೋಡಿದೆ ಮಗಳೇ. ಮಗ ಯೂಟ್ಯೂಬ್ ನೋಡಿ ಅಮೆರಿಕದ ಚರ್ಚುಗಳ ಗಾಸ್ಪೆಲ್ ಕೀಬೋರ್ಡ್ ಅಂತ ಜಾಝ್ ಕಾರ್ಡ್, ಅಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತುವುದು, ಕಲಿಯುತ್ತಿದ್ದಾನೆ, ಬರುವ ಭಾನುವಾರ ಆರಾಧನೆಗೆ ಅವನೇ ಬಾರಿಸಬೇಕು, ಸಭೆಯ ಹಿರಿಯರೊಬ್ಬರು 'ಇದು ಬಾರಿನ ಮ್ಯೂಸಿಕ್' ಅಂದರು, ಬಿಡಿಸಬೇಕಾ ದೊಡ್ಡಮ್ಮ ಅಂತ ಕೇಳಿದ್ದೀ. ಬಾರಿನ ಮಾತು ಬಿಡು. ಗಾಸ್ಪೆಲ್ ಸಂಗೀತದ ತಂದೆ ಅಂತ ಕರೆಯುತ್ತಾರಲ್ಲ, ಥಾಮಸ್ ಡಾರ್ಸಿ, ಅವರು 1920ರ ದಶಕದಲ್ಲಿ ಮಾ ರೇನಿ ಎಂಬ ಗಾಯಕಿಯ ಜೊತೆ ಬ್ಲೂಸ್ ಪಿಯಾನೊ ಬಾರಿಸಿಕೊಂಡಿದ್ದವರು. ಆಮೇಲೆ ಅದೇ ಕೈಯಲ್ಲಿ ಚಿಕಾಗೋದಲ್ಲಿ ಚರ್ಚಿನ ಹಾಡು ಮಾಡಿದರು. ಮೊದಮೊದಲು ಅಲ್ಲಿಯ ಹಿರಿಯರೂ ಬೇಡ ಅಂದಿದ್ದರು. ಇದನ್ನೆಲ್ಲ ನಿಮ್ಮ ಹಿರಿಯರಿಗೆ ಹೇಳಲಿಕ್ಕೆ ಹೋಗಬೇಡ, ಅವರಿಗೆ ಬಿಪಿ ಉಂಟು.

ನನ್ನ ಹೆದರಿಕೆ ಬೇರೆ. ಕ್ವಾಯರಿನವರು ನಾಲ್ಕು ಧ್ವನಿಯಲ್ಲಿ, ಅಂದರೆ ಮೇಲಿನಿಂದ ಸೊಪ್ರಾನೊ, ಆಲ್ಟೊ, ಟೆನರ್, ಎಲ್ಲಕ್ಕಿಂತ ಕೆಳಗೆ ಬೇಸ್, ಹಾಗೆ ಹಾಡುವಾಗ ಎಡಗೈಯಲ್ಲಿ ಹೊಸ ಕಾರ್ಡ್ ಹಾಕಬಾರದು ಅಂತ ಅವನಿಗೆ ಹೇಳು. ಯಾಕೆ ಅಂತ ನಾನು ಅನುಭವಿಸಿ ಗೊತ್ತುಂಟು.

ಜೆಪ್ಪಿನ ಅಜ್ಜ ತೀರಿಕೊಂಡದ್ದು 1987ರ ಮಳೆಗಾಲ, ಆಟಿ ತಿಂಗಳಲ್ಲಿ. ನಿನಗೆ ನೆನಪಿರಲಿಕ್ಕಿಲ್ಲ, ನೀನು ತೊಟ್ಟಿಲಲ್ಲಿದ್ದೆ. ಅದರ ಹಿಂದಿನ ಬೇಸಿಗೆಯಲ್ಲಿ ಮುಂಬೈ ಬಾವ ಬಂದಿದ್ದರು. ಅವರಿದ್ದ ಬಿಲ್ಡಿಂಗಿನಲ್ಲಿ ಗೋವಾದವರೊಬ್ಬರು, ದೊಡ್ಡ ಹೋಟೆಲಿನಲ್ಲಿ ಪಿಯಾನೊ ಬಾರಿಸುವವರು. ಅವರಿಂದ ಕಲಿತದ್ದನ್ನು ಬಾವ ನನಗೆ ಕಲಿಸಿದರು. ನಿನ್ನ ಮಗ ಟೂ-ಫೈವ್-ವನ್ ಅನ್ನುತ್ತಾನಲ್ಲ, ಅದೇ, ಒಂದರ ಹಿಂದೊಂದು ಬರುವ ಮೂರು ಕಾರ್ಡ್. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಎಡಗೈಯಲ್ಲಿ ಬರೀ ಡಿ, ಜಿ, ಸಿ. ಬಲಗೈಯಲ್ಲಿ ಎರಡೇ ಬೆರಳು. ಮೊದಲು ಎಫ್ ಮತ್ತು ಸಿ. ಜಿ ಬರುವಾಗ ಎಫ್ ಇದ್ದಲ್ಲೇ ಇರುತ್ತದೆ, ಸಿ ಮಾತ್ರ ಅರ್ಧ ಸ್ವರ ಇಳಿದು ಬಿ ಆಗುತ್ತದೆ. ಆಮೇಲೆ ಬಿ ಇದ್ದಲ್ಲೇ ಇರುತ್ತದೆ, ಎಫ್ ಇಳಿದು ಇ ಆಗುತ್ತದೆ. ಒಂದು ಬೆರಳು ನಿಲ್ಲುವುದು, ಒಂದು ಜಾರುವುದು. ಮೊದಲ ಸಲ ಅದು ಕೈಗೆ ಬಂದಾಗ ನನಗೆ ಮೈಯೆಲ್ಲ ಜುಂ ಅಂದಿತ್ತು. ಮೀನು ಸಾರು ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಬಾವ ಹೋಗುವಾಗ ಇನ್ನೊಂದು ಹೇಳಿಕೊಟ್ಟರು. ಜಿ ಸೆವೆನ್ ಬದಲು ಡಿ ಫ್ಲ್ಯಾಟ್ ಸೆವೆನ್ ಹಾಕಬಹುದು. ಡಿ ಫ್ಲ್ಯಾಟ್ ಅಂದರೆ ಡಿ-ಗಿಂತ ಅರ್ಧ ಸ್ವರ ಕೆಳಗಿನದು. ಆ ಎಫ್ ಮತ್ತು ಬಿ ಎರಡರಲ್ಲೂ ಉಂಟು, ಹಾಗಾಗಿ ಬಲಗೈ ಅಲುಗಾಡಿಸಲಿಕ್ಕಿಲ್ಲ, ಎಡಗೈ ಮಾತ್ರ ಡಿ ಫ್ಲ್ಯಾಟಿಗೆ ಹೋಗಿ ಸಿ-ಗೆ ಇಳಿಯುವುದು. ಆಹಾ, ಏನು ಚಂದ! ಒಬ್ಬಳೇ ಬಾರಿಸಿದರೆ.

ಅಜ್ಜನ ಶವಸಂಸ್ಕಾರದ ದಿನ ಜಡಿಮಳೆ. ಹಂಚಿನ ಮೇಲೆ ಸದ್ದು, ಒಳಗೆ ಒದ್ದೆ ಕೊಡೆಗಳ ವಾಸನೆ. ಬಾರಿಸಲಿಕ್ಕೆ ನಾನೇ, ಬೇರೆ ಯಾರಿದ್ದರು? ಅಜ್ಜ ಜೀವಮಾನವಿಡೀ ಬೇಸ್ ಹಾಡಿದವರು ಅಲ್ವಾ. ಅವತ್ತು ಅವರ ಜಾಗದಲ್ಲಿ ಮೂರೂ ಜನ ಮಾವಂದಿರು ನಿಂತಿದ್ದರು. ಕೊನೆಯ ಚರಣದ ಕೊನೆಯ ಸಾಲು. ರಾಗ ಡಿ-ಯಿಂದ ಸಿ-ಗೆ ಇಳಿದು ಮುಗಿಯುವುದು. ನನಗೆ ಎಲ್ಲಿಂದ ಬುದ್ಧಿ ಬಂತೋ, ಅಲ್ಲಿ ಡಿ ಫ್ಲ್ಯಾಟ್ ಹಾಕಿದೆ. ಅಳು ಬಂದಿತ್ತು, ಇನ್ನೂ ಚಂದ ಆಗಲಿ ಅಂತ ಅನಿಸಿತು.

ಮೇಲೆ ಹೆಂಗಸರೆಲ್ಲ ಡಿ ಹಾಡುತ್ತಿದ್ದಾರೆ, ಕೆಳಗೆ ನಾನು ಡಿ ಫ್ಲ್ಯಾಟ್ ಒತ್ತಿದ್ದೇನೆ. ಅಕ್ಕಪಕ್ಕದ ಸ್ವರ, ಕಿವಿಗೆ ಉಪ್ಪಿನಕಾಯಿಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಮಾವಂದಿರ ಪುಸ್ತಕದಲ್ಲಿ ಆ ಜಾಗದಲ್ಲಿ ಜಿ. ದೊಡ್ಡಮಾವ ಜಿ ಹಿಡಿದರು, ನನ್ನ ಕಡೆ ತಿರುಗಿ ನೋಡಿದರು, ನಿಲ್ಲಿಸಿಬಿಟ್ಟರು. ಉಳಿದ ಇಬ್ಬರೂ ನಿಲ್ಲಿಸಿದರು. ಟೆನರ್ ಹೋಯಿತು, ಆಲ್ಟೊ ಹೋಯಿತು. ಕೊನೆಯ ಸಿ ಹಾಡಿದ್ದು ಅಜ್ಜಿ ಒಬ್ಬರೇ. ಮಳೆಯ ಸದ್ದು ಮತ್ತು ಅಜ್ಜಿಯ ಸ್ವರ.

ಯಾರೂ ಬೈಯಲಿಲ್ಲ. ಮೂರನೇ ದಿನ ಗಂಜಿ ಬಡಿಸುತ್ತಾ ಅಜ್ಜಿ ಹೇಳಿದರು, 'ಅವರೂ ಹೋದರು, ಅವರ ಬೇಸನ್ನೂ ನೀನು ಕಳಿಸಿಬಿಟ್ಟೆ.' ಆಮೇಲೆ ಚಟ್ನಿ ಬೇಕಾ ಅಂತ ಕೇಳಿದರು.

ಅದಕ್ಕೇ ಪುನಃ ಹೇಳುತ್ತೇನೆ, ನಾಲ್ಕು ಧ್ವನಿ ಹಾಡುವಾಗ ಎಡಗೈ ಪುಸ್ತಕದಲ್ಲಿದ್ದದ್ದನ್ನೇ ಬಾರಿಸಲಿ. ಯೂಟ್ಯೂಬಿನಲ್ಲಿ ಅವನು ನೋಡುವ ಚರ್ಚುಗಳಲ್ಲಿ ಕ್ವಾಯರ್ ಹೆಚ್ಚಾಗಿ ಮೂರೇ ಧ್ವನಿ. ಸೊಪ್ರಾನೊ, ಆಲ್ಟೊ, ಟೆನರ್. ಕೆಳಗಿನ ಜಾಗ ಆರ್ಗನಿಗೂ ಬೇಸ್ ಗಿಟಾರಿಗೂ ಬಿಟ್ಟದ್ದು, ಅವರು ಹೇಗೆ ಬೇಕಾದರೂ ತಿರುಗಿಸಬಹುದು. ನಮ್ಮಲ್ಲಿ ಹಾಗಲ್ಲ ಮಾರಾಯ್ತಿ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು, ಅವರ ಹಿಂದೆಯೇ ಈ ನಾಲ್ಕು ಧ್ವನಿಯೂ ಬಂತು. ನಮ್ಮಲ್ಲಿ ಕೆಳಗಿನ ಜಾಗದಲ್ಲಿ ಮಾವಂದಿರು ಕೂತಿದ್ದಾರೆ.

ಪುಸ್ತಕ ಅಂದಾಗ ನೆನಪಾಯಿತು, ಆ ಹಳೇ ಪುಸ್ತಕ ಇಡುತ್ತಿದ್ದದ್ದು ನಮ್ಮ ಕಾಲಿನ ಹಾರ್ಮೋನಿಯಂ ಮೇಲೆ. ಅದು ಏನಾಯಿತು ಗೊತ್ತುಂಟಲ್ಲ? ಹತ್ತೊಂಬತ್ತು ವರ್ಷ ತುಳಿದಿದ್ದೇನೆ ಅದನ್ನು. ಮಳೆಗಾಲದಲ್ಲಿ ಮರ ಉಬ್ಬಿ ಕೀ ಮೇಲೆ ಬರುತ್ತಿರಲಿಲ್ಲ. ಶನಿವಾರ ರಾತ್ರಿ ಒಳಗೆ ನಲವತ್ತು ವ್ಯಾಟಿನ ಬಲ್ಬ್ ಉರಿಸಿ ಇಟ್ಟು ಬೆಳಗ್ಗೆ ಐದಕ್ಕೆ ಹೋಗಿ ತೆಗೆಯುತ್ತಿದ್ದದ್ದು ಯಾರು? ಗಾಳಿ ಚೀಲದ ಬಟ್ಟೆ ಹರಿದಾಗ ನನ್ನ ಅಮ್ಮನ ಹಳೇ ಸೀರೆಯಲ್ಲಿ ತೇಪೆ ಹಾಕಿದ್ದು ಯಾರು? ಹೊಸ ಕೀಬೋರ್ಡ್ ಬಂದ ದಿನ ಕೊಟ್ಟವರಿಗೆ ಶಾಲು, ಫೋಟೋ, ಕೇಸರಿಬಾತು. ನನ್ನ ಹಾರ್ಮೋನಿಯಂ ಹಿಂದಿನ ಕೋಣೆಗೆ. ಎರಡು ಮಳೆಗಾಲದಲ್ಲಿ ಗೆದ್ದಲು ತಿಂದು ಮುಗಿಸಿತು, ಆಮೇಲೆ ಗುಜರಿಗೆ. ಒಂದು ಮಾತು ಕೇಳಲಿಲ್ಲ ಕಮಿಟಿಯವರು. ಆ ಪೆಡಲ್ ಎರಡನ್ನಾದರೂ ನನಗೆ ಕೊಡಬಹುದಿತ್ತು. ಈ ಗ್ರೂಪಿನಲ್ಲೂ ಇಬ್ಬರು ಆಗ ಕಮಿಟಿಯಲ್ಲಿದ್ದವರೇ, ಕೇಳಿಸಿಕೊಳ್ಳಲಿ.

ತಡಿ, ಕುಕ್ಕರ್ ಕೂಗಿತು.

ಹಾಂ. ಎಂತ ಕೇಳಿದ್ದೆ ನೀನು? ಬಿಡಿಸಬೇಕಾ ಅಂತ ಅಲ್ವಾ. ಬಿಡಿಸಬೇಡ! ಅಷ್ಟು ಹೊತ್ತು ಮಾತಾಡಿ ಅದನ್ನೇ ಹೇಳಲಿಲ್ಲ ನಾನು.

ಈ ಭಾನುವಾರ ಕಾಣಿಕೆ ಎತ್ತುವಾಗ ಯಾರೂ ಹಾಡುವುದಿಲ್ಲ. ಅಲ್ಲಿ ಟೂ-ಫೈವ್-ವನ್ ಎಷ್ಟು ಬೇಕಾದರೂ ಬಾರಿಸಲಿ. ಯೂತಿನವರ ಹಾಡು ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡುವುದಲ್ವಾ, ಅಲ್ಲಿಯೂ ಹಾಕಬಹುದು. ಆದರೆ ಮೊದಲು ಮನೆಯಲ್ಲಿ ಬಲಗೈ ಕಿರುಬೆರಳಿನಲ್ಲಿ ರಾಗ ಹಿಡಿದು, ಒಂದೊಂದು ಹೊಸ ಕಾರ್ಡನ್ನೂ ಅದರ ಕೆಳಗೆ ಇಟ್ಟು ಕೇಳಲಿ. ಕಚ್ಚಿದರೆ ಬಿಡಲಿ. ಇನ್ನೊಂದು, ರಾಗ ಕೊನೆಗೆ ಸಿ-ಗೆ ಬಂದು ನಿಲ್ಲುವಾಗ ಮೇಜರ್ ಸೆವೆನ್ ಬೇಡ. ಅದರ ಬಿ, ರಾಗದ ಸಿ, ಎರಡೂ ತಿಕ್ಕಾಡುತ್ತವೆ. ಬಿ ಬದಲು ಎ ಹಾಕಿ ಸಿ ಸಿಕ್ಸ್ ಕಾರ್ಡ್ ಮಾಡಲಿ. ಶನಿವಾರ ಪ್ರಾಕ್ಟೀಸಿನಲ್ಲಿ ಬೇಸಿನವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ, ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಸೊನ್ನೆಗೆ ತಂದದ್ದನ್ನು ಎರಡು ಸಲ ನೋಡಲಿ. ಅದೂ ಒಂದು ಕಥೆ ಉಂಟು, ಈಗ ಬೇಡ.

ನಾನು ಭಾನುವಾರ ಉಡುಪಿಯಿಂದ ಬೆಳಗ್ಗಿನ ಬಸ್ಸಿಗೆ ಹೊರಟು ಬರುತ್ತೇನೆ. ಪತ್ರೊಡೆ ತರುತ್ತೇನೆ. ಕಳೆದ ಸಲದ ಸ್ಟೀಲ್ ಡಬ್ಬ ನಿನ್ನ ಹತ್ತಿರವೇ ಉಂಟು, ತೆಗೆದಿಡು.